ಹೇಮಾವತಿ ಅಕ್ಕನ ಕೊಬ್ಬು

ನಮ್ಮ ಕಡೆ ಕೊಬ್ಬು ಅನ್ನುವುದಕ್ಕೆ ಎರಡು ಅರ್ಥ. ಚೆನ್ನಾಗಿ ಮೇದ ಟಗರಿನ ಮೈಯಲ್ಲಿರುವುದು ಒಂದು ಕೊಬ್ಬು. ಅತ್ತೆಗೆ ಎದುರಾಡುವ ಸೊಸೆ, ಸಾಹುಕಾರನ ಮುಖ ನೋಡಿ ಮಾತಾಡುವ ಕೂಲಿಯವಳು, ತಪ್ಪಿಲ್ಲದಾಗ ತಲೆ ತಗ್ಗಿಸದ ಯಾವಳೇ ಆಗಲಿ, ಅವಳಲ್ಲಿರುವುದು ಇನ್ನೊಂದು. ನಮ್ಮ ಆಂಧ್ರ ಗಡಿಯ ತೆಲುಗಿನಲ್ಲೂ ಇದೇ ಕಥೆ. ಅವರು ಕೊವ್ವು ಅನ್ನುತ್ತಾರೆ, ಬೈಗುಳ ಮಾತ್ರ ಅದೇ. ಈ ಎರಡು ಅರ್ಥಗಳ ನಡುವೆ ಸಿಕ್ಕಿಕೊಂಡು ಒಬ್ಬ ಹೆಂಗಸು ಸತ್ತೇ ಹೋಗುತ್ತಾಳೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆಕೆ ಹೋಗಿ ವರ್ಷವಾಗುತ್ತ ಬಂತು, ನನ್ನ ಎದೆಯ ಧಸಕ್ಕು ಇನ್ನೂ ಇಳಿದಿಲ್ಲ.

ನಾವು ಆಕೆಯನ್ನು ಹೇಮಾವತಿ ಅಕ್ಕ ಅನ್ನುತ್ತಿದ್ದೆವು. ಅದು ಆಕೆಯ ಹೆಸರಲ್ಲ, ಊರು. ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಆಕೆ ಬಂದ ಮೊದಲ ದಿನ ಮೇಸ್ತ್ರಿ, "ಯಾರವ್ವ ನೀನು?" ಎಂದು ಕೇಳಿದ. ಈಕೆ ಊರು ಕೇಳುತ್ತಿದ್ದಾನೆ ಅಂದುಕೊಂಡು "ಹೇಮಾವತಿ" ಅಂದಳು. ಅವನು ಅದನ್ನೇ ಕೂಗತೊಡಗಿದ. ಮಡಕಶಿರಾ ಕಡೆಯ ಹೇಮಾವತಿ, ಹಳೆಯ ಕಾಲದ ಸಿದ್ಧೇಶ್ವರನ ಗುಡಿಯಿರುವ ಊರು ಎಂದು ನಮಗೆ ತಿಳಿಯುವಷ್ಟರಲ್ಲಿ ಹೆಸರು ಅಂಟಿಕೊಂಡಿತ್ತು. ತಿದ್ದಬಹುದಿತ್ತಲ್ಲ ಎಂದರೆ, "ಇರ್ಲಿ ಬಿಡೇ, ದಿನಾ ನಮ್ಮೂರನ್ನ ಯಾರಾದ್ರೂ ಕೂಗ್ತಾ ಇದ್ರೆ ನಂಗೇನು ನಷ್ಟ?" ಅಂದಳು. ಅಪ್ಪ ಅಮ್ಮ ಇಟ್ಟ ಹೆಸರು ನನಗೆ ಗೊತ್ತಾದದ್ದು ಬಹಳ ತಡವಾಗಿ, ಬಳ್ಳಾರಿಯ ಆಸ್ಪತ್ರೆಯಲ್ಲಿ. ನರ್ಸ್ ಆ ಹೆಸರನ್ನು ಎರಡು ಸಲ ಕೂಗಿದರೂ ನಾನು ಪಕ್ಕದಲ್ಲಿ ಕೂತು ಇನ್ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡಿದ್ದೆ. ಆ ಹೆಸರು ಇಲ್ಲಿ ಬೇಡ. ಅದು ನಾನು ಕಂಡ ಹೆಂಗಸಿನದಲ್ಲ.

ಆಗ ನಮ್ಮ ಸೀಮೆಯ ಅರ್ಧ ಜನ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು. ಉಳಿದರ್ಧ ರಾಯದುರ್ಗದ ಮಷಿನ್ನುಗಳ ಮುಂದೆ ಕೂತಿದ್ದೆವು. ನಾನು ಬೆಳುಗುಪ್ಪದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ, ಜೇಬು ಹೊಲಿಯುವ ಕೆಲಸ. ಅಕ್ಕ ಗಂಡನ ಜೊತೆ ಊರು ಬಿಟ್ಟು ಬಂದು, ಕೋಟೆ ಬೆಟ್ಟದ ಬುಡದಲ್ಲಿ ಒಂದು ಕೋಣೆ ಹಿಡಿದಿದ್ದಳು. ಗಂಡ ಜೀನ್ಸ್ ತೊಳೆಯುವಲ್ಲಿ ಕೆಲಸಕ್ಕಿದ್ದ. ಮಾತಿಲ್ಲದ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಆಕೆಯೇ ಆಡುತ್ತಿದ್ದಳು.

ಗಲಾಟೆ ಶುರುವಾದದ್ದೇ ಆ ಮಾತಿನಿಂದ. ನಾವು ರಾಯದುರ್ಗದ ಕಡೆಯವರು ಬಾಯಿ ತೆಗೆದರೆ 'ರಿ' ಹಚ್ಚುವವರು. ಬರ್ರಿ, ಕೂಡ್ರಿ, ಹೌದ್ರಿ. ಬೈಯುವಾಗಲೂ ಒಂದು ರಿ ಇರುತ್ತದೆ. ಆಕೆಯ ಊರಿನ ಕನ್ನಡದಲ್ಲಿ ಅದಕ್ಕೆ ಜಾಗವೇ ಇಲ್ಲ. ಬಂದ ವಾರದಲ್ಲೇ ಮಾಲೀಕರು ಒಳಗೆ ಬಂದಾಗ ನಾವೆಲ್ಲ ಎದ್ದು ನಿಂತೆವು. ಆಕೆ ಕೂತಲ್ಲಿಂದಲೇ, "ಬಾ ಅಣ್ಣ, ಒಳ್ಳೆ ಟೈಮಿಗೆ ಬಂದೆ. ಒಂದು ಫ್ಯಾನ್ ಹಾಕ್ಸು. ನಾವಿಲ್ಲಿ ಹೊಲಿಯಾಕೆ ಬಂದಿದೀವೋ ಬೇಯಾಕೆ ಬಂದಿದೀವೋ?" ಅಂದಳು. ಮೇಸ್ತ್ರಿ ಹಲ್ಲು ಕಚ್ಚಿ, "ಎಷ್ಟು ಕೊಬ್ಬು ನೋಡ್ರಿ ಈಕೀಗೆ" ಅಂದ. ಫ್ಯಾನಂತೂ ಬಂತು. ಅದರ ಜೊತೆ ಆ ಮಾತೂ ಆಕೆಗೆ ಖಾಯಮ್ಮಾಯಿತು.

ಆಕೆ ಅದನ್ನು ಒಡವೆಯ ಹಾಗೆ ಹಾಕಿಕೊಂಡು ತಿರುಗಿದಳು. ಒಂದಕ್ಕೆ ಹೋಗಬೇಕಾದರೂ ಕೇಳಿಕೊಂಡು ಹೋಗಬೇಕು ಎಂದು ಹೊಸ ಸೂಪರ್‌ವೈಸರ್ ಕಾನೂನು ಮಾಡಿದಾಗ, ಆಕೆ ಎದ್ದು ನಿಂತು ನಮ್ಮನ್ನೆಲ್ಲ ಕೈಬೀಸಿ ಕರೆದಳು. ಇಡೀ ಸಾಲು ಆಕೆಯ ಹಿಂದೆ ಹೊರಟಿತು. ಅವನು ಬಾಗಿಲಿಗೆ ಅಡ್ಡ ನಿಂತು, "ಏನವ್ವ, ಕೊಬ್ಬು ಹೆಚ್ಚಾತೇನು?" ಅಂದ. "ಮಡಕಶಿರದ ಕಳ್ಳೇಕಾಯಿ ತಿಂದು ಬೆಳೆದೋಳು ಕಣಪ್ಪ, ಕೊಬ್ಬು ಇರ್ದೆ ಇರ್ತದಾ? ಸರಿ ಅತ್ಲಾಗೆ, ಅವಸರ ಐತೆ" ಅಂದಳು. ಸರಿದ. ಸೇಂಗಾಕ್ಕೆ ಅವರ ಕಡೆ ಕಳ್ಳೇಕಾಯಿ ಅನ್ನುತ್ತಾರೆ ಎಂದು ನಾನು ಕಲಿತದ್ದು ಅವತ್ತೇ.

ಮಧ್ಯಾಹ್ನದ ಊಟಕ್ಕೆ ಆಕೆ ಒಂದು ಪದ್ಧತಿ ಮಾಡಿದ್ದಳು. ಒಂದು ದೊಡ್ಡ ಅಲ್ಯೂಮಿನಿಯಂ ತಾಟು, ಅದಕ್ಕೆ ಎಲ್ಲರ ಬುತ್ತಿಯೂ ಬೀಳಬೇಕು. ನಮ್ಮ ಜೋಳದ ರೊಟ್ಟಿ, ಆಕೆಯ ರಾಗಿಮುದ್ದೆ, ಯಾರದೋ ಚಿತ್ರಾನ್ನ. ಸುತ್ತ ಕೂತು ಎಲ್ಲರೂ ಅದರಲ್ಲೇ ಕೈ ಹಾಕುತ್ತಿದ್ದೆವು. ಬಟ್ಟೆಯ ನೀಲಿ ಬಣ್ಣ ಹತ್ತಿದ ಬೆರಳುಗಳು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನೀರಿನ ಬಾಟಲಿಯೂ ಒಂದೇ, ಬಾಯಿಂದ ಬಾಯಿಗೆ. "ಒಂದು ತಾಟಲ್ಲಿ ಉಂಡೋರು ಜಗಳ ಆಡಲ್ಲ ಕಣ್ರೇ" ಅನ್ನುವುದು ಆಕೆಯ ಸಿದ್ಧಾಂತ. ಆಡುತ್ತಿದ್ದೆವು, ಅದು ಬೇರೆ ಮಾತು. ಆದರೆ ತಾಟಿನ ಮುಂದೆ ಆಡುತ್ತಿರಲಿಲ್ಲ.

ಇಷ್ಟಾಗಿ ಆಕೆ ಉಣ್ಣುತ್ತಿದ್ದದ್ದು ಕಡಿಮೆ. ತುಂಡಿಗಿಷ್ಟು ಎಂದು ಕೂಲಿ, ಕೂತರೆ ಏಳುವಂತಿಲ್ಲ. ಬೆಳಗ್ಗೆ ಬರೀ ಸಕ್ಕರೆ ಚಹಾ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ನಡುವೆ ಎದೆಯುರಿ. ಹುಳಿತೇಗು ಬಂದರೆ ಎದೆ ಮೇಲೆ ಕೈಯಿಟ್ಟು, "ಗ್ಯಾಸು" ಅನ್ನುತ್ತಿದ್ದಳು. ತಲೆನೋವು ಬಂದರೂ ಗ್ಯಾಸು, ಬೆನ್ನು ಹಿಡಿದರೂ ಗ್ಯಾಸು. "ನನ್ನ ಹೊಟ್ಟೇಲಿ ಒಂದು ಸಿಲಿಂಡರೇ ಐತೆ, ಬುಕ್ ಮಾಡಾ ಹಂಗೇ ಇಲ್ಲ" ಎಂದು ಸೋಡಾ ಕುಡಿದು, ಓಂಕಾಳು ಜಗಿದು ಮತ್ತೆ ಪೆಡಲ್ ತುಳಿಯುತ್ತಿದ್ದಳು. ಹೊಟ್ಟೆ ಉರಿಯದ ಹೆಂಗಸು ನಮ್ಮ ಸಾಲಿನಲ್ಲಿ ಒಬ್ಬಳೂ ಇರಲಿಲ್ಲವಾದ್ದರಿಂದ ನಮಗೆ ಅದೊಂದು ರೋಗ ಅನ್ನಿಸಲೇ ಇಲ್ಲ.

ಉಣ್ಣದಿದ್ದರೂ ಹೊಟ್ಟೆ ಮುಂದೆ ಬಂತು. ಕೈಕಾಲು ಹಾಗೇ ಇದ್ದವು, ಸೊಂಟದ ಸುತ್ತ ಮಾತ್ರ ಬೆಳೆಯಿತು. ಊರಿಗೆ ಹೋಗಿ ಬಂದಾಗೆಲ್ಲ ಖುಷಿಯಾಗಿರುತ್ತಿದ್ದಳು. "ರಾಯದುರ್ಗದ ನೀರು ಹಿಡಿದೈತೆ, ಸುಖವಾಗವ್ಳೆ ಅಂದ್ರು ಕಣೇ ನಮ್ಮೂರಾಗೆ." ಹೊಟ್ಟೆ ಬಂದರೆ ಸುಖ ಬಂತು ಅನ್ನುವ ಜನ ನಾವು.

ಒಂದು ದಿನ ಆಕೆ ಮಷಿನ್ ಮುಂದೆಯೇ ವಾಂತಿ ಮಾಡಿಕೊಂಡಳು. ಗಂಡ ಬಳ್ಳಾರಿಗೆ ಕರೆದುಕೊಂಡು ಹೋದ. ಬಾಯಿಂದ ಕೊಳವೆ ಬಿಟ್ಟು ನೋಡಿದರಂತೆ, ಹೊಟ್ಟೆಯ ಮೇಲೆ ಸ್ಕ್ಯಾನ್ ಮಾಡಿದರಂತೆ. ಎರಡು ದಿನ ಬಿಟ್ಟು ಕೆಲಸಕ್ಕೆ ಬಂದವಳು ಜೀನ್ಸ್ ಗಂಟಿನ ಮೇಲೆ ಹತ್ತಿ ಕೂತಳು. ದಾರ ಸುತ್ತುವ ಎರಡು ಬಾಬಿನ್ ತೆಗೆದು ಕನ್ನಡಕದಂತೆ ಕಣ್ಣಿಗೆ ಹಿಡಿದುಕೊಂಡು ಡಾಕ್ಟರಾದಳು. ನಾವೆಲ್ಲ ಸುತ್ತ ಸೇರಿದೆವು.

"ಚಿಕ್ಕ ಹುಡುಗ ಕಣ್ರೇ ಡಾಕ್ಟ್ರು, ತೆಲುಗಿನೋನು. ಜಠರದಾಗೆ ಒಂದು ಕ್ರಿಮಿ ಐತಮ್ಮ, ಅದಕ್ಕೇ ಉರಿ ಅಂದ. ಆಯ್ತು ಅಂದೆ. ಇವ್ರನ್ನ ಮಾತ್ರೆ ತರಾಕೆ ಕಳಿಸ್ದ. ಆಮ್ಯಾಕೆ ಸ್ಕ್ಯಾನ್ ನೋಡ್ಕಂಡು, 'ಮೀಕು ಕೊವ್ವು ಎಕ್ಕುವಗಾ ಉಂದಮ್ಮಾ' ಅಂದ. ನಾನು ಹಿಂಗೆ ದುರುಗುಟ್ಟಿ ನೋಡ್ದೆ. ಇವ್ಳಿಗೆ ತೆಲುಗು ಬರಾಕಿಲ್ಲ ಅನ್ಕಂಡನೋ ಏನೋ, ಕನ್ನಡದಾಗೆ ಇನ್ನೊಂದ್ಸಲ ಅಂದ. 'ಕೊಬ್ಬು, ಕೊಬ್ಬು. ನಿಮಗೆ ಕೊಬ್ಬು ಜಾಸ್ತಿ ಇದೆ.' ಎರಡೆರಡು ಭಾಷೆಲಿ ಬಯ್ಸಿಕೊಂಡು ಬಂದಿದೀನಿ ಕಣ್ರೇ!"

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಸ್ತ್ರಿ ಕೂಡ ಕತ್ತರಿ ಕೆಳಗಿಟ್ಟು, "ನಾವು ಹೇಳಿದ್ರ ಕೇಳಲಿಲ್ಲ, ಈಗ ದೊಡ್ಡ ಡಾಕ್ಟ್ರೇ ಹೇಳ್ಯಾರ ನೋಡ್ರಿ" ಅಂದ.

"ಆಮೇಲೆ ನೀ ಏನ್ ಮಾಡಿದಿ ಅಕ್ಕ?" ಎಂದು ನಾನು ಕೇಳಿದೆ.

"ಏನ್ ಮಾಡಾದು, ಎದ್ದೆ. 'ನಿಮ್ಮಪ್ಪನ ಮನೆ ಅನ್ನ ತಿಂದು ಬಂದಿದ್ದಲ್ಲ ಕಣಪ್ಪ ಈ ಕೊಬ್ಬು' ಅಂದೆ. ಸೆರಗು ಸಿಗಿಸ್ಕಂಡು ಬಂದ್ಬಿಟ್ಟೆ. ಪಾಪ, ಆ ಹುಡುಗ ಹಿಂದ್ಲಿಂದ 'ಅಮ್ಮಾ, ಇನ್ನೊಂದು ಮಾತು, ಇನ್ನೊಂದು ಮಾತು' ಅಂತ ಬಾಗ್ಲುಗಂಟ ಬಂದ. ನಿಂತ್ರೆ ಮೂರನೇ ಭಾಷೆಲೂ ಅಂತಿದ್ದ!"

ಮತ್ತೊಂದು ಸಲ ನಗು. ಆ 'ಇನ್ನೊಂದು ಮಾತು' ಎಷ್ಟೋ ದಿನ ನಮ್ಮ ಯೂನಿಟ್ಟಿನ ಚೇಷ್ಟೆಯಾಯಿತು. ಯಾರಾದರೂ ಊಟದ ತಾಟಿನಿಂದ ಬೇಗ ಎದ್ದರೆ, "ಅಮ್ಮಾ, ಇನ್ನೊಂದು ಮಾತು" ಎಂದು ಕೂಗುವುದು, ಎಲ್ಲರೂ ನಗುವುದು.

ನಕ್ಕಿದ್ದು ಆಕೆಯ ಬಾಯಿ ಮಾತ್ರ ಎಂದು ಆ ಸಂಜೆ ಗೊತ್ತಾಯಿತು. ಬಸ್ ಸ್ಟ್ಯಾಂಡಿನ ತನಕ ನನ್ನ ಜೊತೆ ನಡೆದು ಬಂದವಳು ಕಲ್ಲುಬೆಂಚಿನ ಮೇಲೆ ಕೂತು, "ಬೇರೆ ಯಾರು ಅಂದ್ರೂ ನಂಗೆ ತಾಗಾಕಿಲ್ಲ ಕಣೇ. ರೋಗ ಅಂತ ಹೋದಾಗ ಡಾಕ್ಟ್ರೂ ಅದೇ ಅಂದ್ನಲ್ಲ" ಅಂದಳು. ಆಮೇಲೆ ಊರಿನ ಕಥೆ ಬಿಚ್ಚಿದಳು. ಆಕೆಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಕೆಲವು ವರ್ಷ ಕಳೆದಾಗ ಅತ್ತೆ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದ ಹೆಂಗಸರೆಲ್ಲರ ಮುಂದೆ, "ಕೊಬ್ಬಿದ ಹಸ ಎಲ್ಲಾನ ಗಬ್ಬ ಆಗ್ತದಾ?" ಅಂದಿದ್ದಳಂತೆ. ಮಾರನೆಯ ದಿನವೇ ಗಂಡ ಹೆಂಡಿರು ಗಂಟುಮೂಟೆ ಕಟ್ಟಿ ರಾಯದುರ್ಗದ ಬಸ್ಸು ಹತ್ತಿದ್ದರು. ದುಡಿಮೆಗಾಗಿ ಬಂದವರು ಎಂದೇ ನಾವು ತಿಳಿದಿದ್ದೆವು. ಆಕೆ ಬಂದದ್ದು ಆ ಒಂದು ಮಾತು ಕಿವಿಗೆ ಬೀಳದ ಊರನ್ನು ಹುಡುಕಿಕೊಂಡು. ಅದು ಆಕೆಗಿಂತ ಮೊದಲೇ ಎಲ್ಲ ಕಡೆ ಬಂದು ಕೂತಿತ್ತು.

ಮಾತ್ರೆಗಳ ಕಥೆಯನ್ನೂ ಹೇಳಬೇಕು. ಕ್ರಿಮಿ ಸಾಯಲು ಕೊಟ್ಟದ್ದು, ಬಿಡದೆ ಪೂರ್ತಿ ನುಂಗಬೇಕು ಅಂದಿದ್ದರಂತೆ. ಉರಿ ಇಳಿಯುತ್ತಲೇ ಆಕೆ ನಿಲ್ಲಿಸಿದಳು. ಉಳಿದದ್ದನ್ನು ಎಲೆಯಡಿಕೆ ಹಂಚಿದ ಹಾಗೆ ಸಾಲಿನುದ್ದಕ್ಕೂ ಹಂಚಿದಳು. "ನಿಂಗೂ ಉರೀತದಲ್ಲ, ತಗಾ. ನಂಗೆ ವಾಸಿಯಾಯ್ತು, ಸುಮ್ನೆ ಯಾಕೆ ದಂಡ?" ನನಗೂ ಒಂದು ಕೊಟ್ಟಳು. ನುಂಗಿದೆ. ಆಕೆ ಕೊಟ್ಟದ್ದನ್ನು ಬೇಡ ಅನ್ನುವ ಗಂಡೆದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಎರಡು ಮೂರು ವರ್ಷ ಹೀಗೇ ಹೋಯಿತು. ನಾನು ಮನೆಯಲ್ಲೇ ಎರಡು ಮಷಿನ್ ಹಾಕಿಕೊಂಡು ಯೂನಿಟ್ ಬಿಟ್ಟೆ. ಒಂದು ದಿನ ಸಂತೆಯಲ್ಲಿ ಹಿಂದಿನಿಂದ "ಅಮ್ಮಾ, ಇನ್ನೊಂದು ಮಾತು" ಎಂಬ ದನಿ. ತಿರುಗಿದರೆ ಅಕ್ಕ. ಮುಖ ಸುಣ್ಣದ ಗೋಡೆಯಂತೆ ಬಿಳಿಚಿತ್ತು, ಕುಪ್ಪಸ ತೋಳಿನಲ್ಲಿ ಜೋತಾಡುತ್ತಿತ್ತು. ಏನಾಯಿತು ಎಂದರೆ, "ಮೂಲವ್ಯಾಧಿ ಕಣೇ, ರಕ್ತ ಹೋಗ್ತೈತೆ. ನಾಟಿ ಔಷಧ ತಗೊಂತಿದೀನಿ" ಅಂದಳು. ಮಾರನೆಯ ದಿನ ನಾನೂ ಆಕೆಯ ಗಂಡನೂ ಸೇರಿ ಬಳ್ಳಾರಿಗೆ ಎಳೆದುಕೊಂಡು ಹೋದೆವು. ಅದೇ ಆಸ್ಪತ್ರೆ. ನರ್ಸ್ ಕೂಗಿದ್ದು ಯಾರ ಹೆಸರೋ ಎಂದು ನಾನು ಕೂತೇ ಇದ್ದದ್ದು ಆಗಲೇ.

ಡಾಕ್ಟರು ಆಕೆಯನ್ನು ಕಂಡ ಕೂಡಲೇ ಗುರುತು ಹಿಡಿದರು. ಅಂಥ ಉತ್ತರ ಕೊಟ್ಟು ಎದ್ದುಹೋದ ರೋಗಿ ಅವರಿಗೂ ಆಕೆ ಒಬ್ಬಳೇ ಇರಬೇಕು. ಈ ಸಲ ಹಿಂದಿನಿಂದ ಕ್ಯಾಮೆರಾ ಬಿಟ್ಟು ದೊಡ್ಡ ಕರುಳು ನೋಡಿದರು. ಆಮೇಲೆ ನನ್ನನ್ನೂ ಗಂಡನನ್ನೂ ಒಳಗೆ ಕರೆದು ಕೂರಿಸಿದರು. ಅವರ ಕನ್ನಡ ಪುಸ್ತಕದ ಕನ್ನಡ, ನಡುನಡುವೆ ತೆಲುಗು.

"ಅವತ್ತು ನಾನು ಇದನ್ನೇ ಹೇಳಬೇಕಂತ ಇದ್ದೆನಮ್ಮ. ಜಠರದಲ್ಲಿ ಆ ಕ್ರಿಮಿ ಇತ್ತು. ಲಿವರ್‌ನಲ್ಲಿ ಕೊಬ್ಬು ಕೂತಿತ್ತು. ಇವೆರಡೂ ಇದ್ದವರ ಕರುಳಲ್ಲಿ ಸಣ್ಣ ಸಣ್ಣ ಗಂಟು ಬೆಳೆಯೋದು ಬೇರೆಯವರಿಗಿಂತ ಹೆಚ್ಚು. ಒಂದರಿಂದಲೇ ಇನ್ನೊಂದು ಬಂತು ಅಂತ ಗಟ್ಟಿಯಾಗಿ ಹೇಳೋಕಾಗಲ್ಲ, ಎಲ್ಲರಿಗೂ ಆಗುತ್ತೆ ಅಂತಾನೂ ಅಲ್ಲ. ಆದರೆ ನಂಟು ಕಾಣ್ತಾ ಇದೆ. ಅದಕ್ಕೇ ಕರುಳನ್ನೂ ಒಂದು ಸಲ ನೋಡಿಬಿಡೋಣ ಅಂತ ಹೇಳೋಕೆ ಹೊರಟೆ. ಆ ಗಂಟು ಮೊದಮೊದಲು ಕ್ಯಾನ್ಸರ್ ಅಲ್ಲ. ಆಗಲೇ ಕಿತ್ತು ಹಾಕಿದರೆ ಅಷ್ಟಕ್ಕೇ ಮುಗೀತು."

"ಈಗ?" ಎಂದು ಕೇಳಿದ್ದು ಗಂಡ. ಆ ಮನುಷ್ಯ ತಾನಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಡಾಕ್ಟರು ತಲೆಯಾಡಿಸಿದರು. "ಈಗ ಅದು ಗಂಟಾಗಿ ಉಳಿದಿಲ್ಲ. ಲಿವರ್‌ಗೂ ಹೋಗಿದೆ."

ಹೊಟ್ಟೆಯುರಿ ಒಂದು ಕಡೆ, ಲಿವರ್ ಒಂದು ಕಡೆ, ಕರುಳು ಒಂದು ಕಡೆ. ಇವು ಮೂರೂ ಒಂದೇ ದಾರದಲ್ಲಿ ಸಿಕ್ಕಿದ್ದವು ಎಂದರೆ ಏನರ್ಥ? ಯಾವ ಮಾತನ್ನು ವರ್ಷಗಟ್ಟಲೆ ತಾಟಿನ ಸುತ್ತ ಕೂತು ಆಡಿ ನಕ್ಕೆವೋ ಆ 'ಇನ್ನೊಂದು ಮಾತು' ಇದಾಗಿತ್ತು. ಅದನ್ನು ಕೇಳಿಸಿಕೊಳ್ಳಲು ಆಕೆ ಕುರ್ಚಿಯಲ್ಲಿ ಇನ್ನೊಂದು ಗಳಿಗೆ ಕೂತಿದ್ದರೆ ಸಾಕಿತ್ತು. ಆ ಹುಡುಗ ಕೊಬ್ಬು ಎನ್ನುವ ಬದಲು ನೆಣ ಅಂದಿದ್ದರೂ ಸಾಕಿತ್ತೇನೋ. ಆತನದೂ ತಪ್ಪಲ್ಲ, ರೋಗದ ಹೆಸರನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿದ್ದ. ಆಕೆಗೆ ತಿಳಿದದ್ದು ಅತ್ತೆಯ ಭಾಷೆಯಲ್ಲಿ.

ಮುಚ್ಚಿಡುವುದು ಬೇಡ ಎಂದು ಆಕೆಗೂ ಹೇಳಿದರು. ಆಕೆ ಅತ್ತಳೇ? ಇಲ್ಲ. ಮೇಲೆ ತಿರುಗುವ ಫ್ಯಾನ್ ನೋಡುತ್ತ, "ಮೂರು ಜನ ನೆಂಟರು ಸೇರ್ಕಂಡು ಬಂದವ್ರೆ ಅನ್ನು. ಮೊದ್ಲು ಬಂದ ಇಬ್ರನ್ನ ಮಾತಾಡ್ಸಿದ್ರೆ ಹಿಂದೆ ಒಬ್ಬ ಅವ್ನೆ ಅಂತ ಅವ್ರೇ ಹೇಳ್ತಿದ್ರು" ಅಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಬಯ್ದೆ ಅಂತ ಬೇಜಾರು ಮಾಡ್ಕಬೇಡ ಕಣಪ್ಪ" ಅಂದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಆಚೆ ಹೋದರು.

ಕೊನೆಯ ತಿಂಗಳುಗಳಲ್ಲಿ ಗಂಡ ಆಕೆಯನ್ನು ಊರಿಗೇ ಕರೆದುಕೊಂಡು ಹೋದ. ನಾನು ನೋಡಲು ಹೋದಾಗ ಬಿಸಿಲು ಬೀಳುವ ಕಡೆ ಮಂಚ ಹಾಕಿ ಮಲಗಿಸಿದ್ದರು. ತಲೆದಿಂಬಿನ ಹತ್ತಿರ ಒಬ್ಬ ಮುದುಕಿ ಗಂಜಿಯ ಬಟ್ಟಲು ಹಿಡಿದು ಕೂತಿದ್ದಳು. ಅತ್ತೆ. ನನಗೆ ಆ ಮುದುಕಿಯ ಮೇಲೆ ಕೆಂಡದಂಥ ಸಿಟ್ಟಿತ್ತು, ಏನಾದರೂ ಅಂದೇ ಬರಬೇಕು ಎಂದು ಬಸ್ಸಿನುದ್ದಕ್ಕೂ ಹಲ್ಲು ಮಸೆದಿದ್ದೆ. ಅಕ್ಕ ನನ್ನನ್ನು ಕಂಡು ಸೀರೆಯ ಅಂಚು ಸರಿಸಿ ಕೈ ತೋರಿಸಿದಳು. ಬರೀ ಮೂಳೆ. ಬೆರಳ ತುದಿಯ ನೀಲಿ ಪೂರ್ತಿ ಹೋಗಿತ್ತು.

"ನೋಡೇ, ಮೇಸ್ತ್ರಿ ಕೈಲೂ ಆಗ್ಲಿಲ್ಲ, ಸೂಪರ್‌ವೈಸರ್ ಕೈಲೂ ಆಗ್ಲಿಲ್ಲ. ಕೊಬ್ಬು ಪೂರ್ತಿ ಇಳೀತು ಕಣೇ" ಅಂದಳು.

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಮುದುಕಿ ಬಟ್ಟಲನ್ನು ಕೆಳಗಿಟ್ಟು ಸೊಸೆಯ ಕೆನ್ನೆ ಸವರಿ, "ಇಳೀಬಾರ್ದು ಕಣವ್ವ. ಎದ್ದು ಕೂತ್ಕ, ಒಂದ್ಸಲ ನಂಗೆ ಎದುರಾಡು. ಬಾಯಿಗೆ ಬಂದಂಗೆ ಬಯ್ಯಿ" ಎಂದು ಗೊಳೋ ಅತ್ತಳು. ನಾನು ಹಲ್ಲು ಮಸೆದು ತಂದಿದ್ದ ಮಾತುಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಅಕ್ಕ ಕಣ್ಣು ಮುಚ್ಚಿ ಸಣ್ಣಗೆ ನಕ್ಕಳು. ಬೈಯಲಿಲ್ಲ. ಅದೇ ವಾರ ಹೋದಳು.

ತಿಥಿ ಮುಗಿದು ಕೆಲವು ದಿನಕ್ಕೆ, ಮಷಿನ್ ತುಳಿಯುತ್ತಿದ್ದಾಗ ನನ್ನ ಎದೆ ಉರಿಯಿತು. ಅದೇನೂ ಹೊಸದಲ್ಲ, ಆ ತಾಟಿನ ಸುತ್ತ ಕೂತವರಿಗೆಲ್ಲ ಇದ್ದದ್ದೇ. ಗ್ಯಾಸು ಎಂದು ಓಂಕಾಳಿನ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತೆ. ಒಂದೇ ತಾಟು, ಒಂದೇ ಬಾಟಲಿ. ಆ ಕ್ರಿಮಿ ಬಾಯಿಂದ ಬಾಯಿಗೂ ದಾಟುತ್ತದೆ ಎಂದು ಡಾಕ್ಟರು ಹೇಳಿದ್ದರು. ನನ್ನ ಸೊಂಟದ ಸುತ್ತಲೂ ರಾಯದುರ್ಗದ ನೀರು ಚೆನ್ನಾಗಿಯೇ ಹಿಡಿದಿದೆ. ಡಬ್ಬಿ ಮುಚ್ಚಿ ಬಳ್ಳಾರಿಯ ಬಸ್ಸು ಹತ್ತಿದೆ.

ಕೊಳವೆಯಾಯಿತು, ಸ್ಕ್ಯಾನ್ ಆಯಿತು. ಅದೇ ಕೋಣೆ, ಅದೇ ಕುರ್ಚಿ. ಡಾಕ್ಟರು ಸ್ಕ್ಯಾನಿನ ಚಿತ್ರ ನೋಡಿದರು, ನನ್ನ ಮುಖ ನೋಡಿದರು. "ಕ್ರಿಮಿ ಇದೆಯಮ್ಮ. ಮತ್ತೆ... ಲಿವರ್‌ನಲ್ಲಿ ಸ್ವಲ್ಪ..." ಎಂದು ನಿಂತರು. ಬೇರೆ ಪದಕ್ಕೆ ತಡಕಾಡುತ್ತಿದ್ದರು.

ನಾನು ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಕೊಬ್ಬು ಅನ್ರಿ ಡಾಕ್ಟ್ರೇ, ನನಗ ಬೇಜಾರಿಲ್ಲ. ಆ ಇನ್ನೊಂದು ಮಾತೂ ಹೇಳಿಬಿಡ್ರಿ. ನಾ ಏಳಂಗಿಲ್ಲ."